ಭರಮನನ್ನು ತಿರುಗಿ ತರುವ ದಾರಿಗಳು

ಜಹೀರಾಬಾದ್
ಬುಧವಾರ, 13 ನವೆಂಬರ್ 2024

ಪ್ರೇಮಲಕ್ಕನಿಗೆ ಅಮರನಾಥನ ಶರಣು.

ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀ ಎಂದು ನಾಗೇಶ ಹೇಳಿದಾಗ ನಾನು ನಂಬಲಿಲ್ಲ. ತಾಂಡೂರಿನ ಟವರ್ ಸರಿ ಇಲ್ಲ ಎಂದು ವಾದ ಹೂಡಿದೆ. ಅವನು ಸುಮ್ಮನೆ ತನ್ನ ಫೋನಿನಿಂದ ನಿನಗೆ ಹಚ್ಚಿ, ರಿಂಗಾಗುವುದನ್ನು ನನಗೆ ಕೇಳಿಸಿ, ನೀನು ಎತ್ತುವ ಮೊದಲೇ ಕಟ್ ಮಾಡಿದ. ಅದಕ್ಕೇ ಈ ಕಾಗದ. ಶುಕ್ರವಾರ ಅವನಿಗೆ ತಾಂಡೂರಿನ ಕರೆಂಟ್ ಆಫೀಸಿನಲ್ಲಿ ಮೀಟಿಂಗ್ ಇದೆ. ನೀನು ಕೆಲಸ ಮಾಡುವ ಸೊಸೈಟಿಯ ಕೌಂಟರಿಗೆ ಬಂದು ನಿನ್ನ ಕೈಯಲ್ಲೇ ಕೊಡುತ್ತಾನೆ. ಮಾತಾಡಿದರೆ ನಾನು ಭಾಷಣಕ್ಕೆ ಇಳಿಯುತ್ತೇನೆ. ಬರೆದರೆ ತಪ್ಪಿದ್ದನ್ನು ಹೊಡೆದುಹಾಕಬಹುದು.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಭಾನುವಾರ ನಿಮ್ಮವ್ವ ನಾರಾಯಣಖೇಡ್‌ನಿಂದ ನಮ್ಮ ಪ್ರೆಸ್ಸಿಗೆ, ನಾವು ಆಡುವ ಮೇಜಿಗೆ, ಬರುತ್ತಾರೆ. ಆಟದಲ್ಲಿ ಭರಮ ಸತ್ತದ್ದು ಅವರಿಗೆ ಗೊತ್ತಾಗಿದೆ. ನಾನೇ ಹೇಳಿದೆ. ನೀನು ಬರಬೇಕು ಅಕ್ಕ. ಬರದಿದ್ದರೆ ಅವರು ನಮ್ಮ ಮೂವರ ಮುಂದೆ ಒಬ್ಬರೇ ಕೂಡ್ರಬೇಕಾಗುತ್ತದೆ, ಮತ್ತು ಅವರು ಕೇಳಿದ್ದನ್ನು ಮಾಡಲು ನನ್ನೊಬ್ಬನಿಂದ ಆಗುವುದಿಲ್ಲ.

ಸಿಟ್ಟು ಬಂದಿರಬೇಕು. ಆರು ವಾರ ನೀನು ಕಾಪಾಡಿದ್ದನ್ನು ನಾನು ಒಂದು ಮಧ್ಯಾಹ್ನದಲ್ಲಿ ಒಡೆದೆ. ಯಾಕೆ ಒಡೆದೆ ಎಂದು ಹೇಳಬೇಕಾದರೆ ಸೆಪ್ಟೆಂಬರ್ ಕೊನೆಯ ಆ ಭಾನುವಾರದಿಂದಲೇ ಶುರು ಮಾಡಬೇಕು. ಆ ದಿನ ನನಗೆ ಹೇಗೆ ಕಂಡಿತು ಎಂದು ನಿನಗೆ ಗೊತ್ತಿಲ್ಲ.

ಅವತ್ತಿನ ಕಥೆಯಲ್ಲಿ ತೂಗುಸೇತುವೆಯ ಮೇಲೆ ಸುಂಕದ ದೊರೆಯ ಸಿಪಾಯಿಗಳು ಒಂದು ಕಡೆಯ ಹಗ್ಗ ಕಡಿದರು. ಸೇತುವೆಯ ನಡುವೆ ಊರು ಬಿಟ್ಟು ಹೊರಟ ಮಂದಿ ಇದ್ದರು. ಏನು ಮಾಡುತ್ತೀ ಎಂದು ನಾನು ಕೇಳಿದೆ. ಭರಮ ಹಗ್ಗ ಹಿಡಿಯುತ್ತಾನೆ ಎಂದೆ ನೀನು, ಒಂದು ಕ್ಷಣವೂ ಯೋಚಿಸದೆ. ಕೊನೆಯ ಮುದುಕಿ ದಾಟುವವರೆಗೂ ಅವನು ಹಿಡಿದುಕೊಂಡ. ಆಮೇಲೆ ಕಮರಿಗೆ ಬಿದ್ದ. ಬಿದ್ದವನಿಗೆ ಇಪ್ಪತ್ತು ಮುಖದ ದಾಳವನ್ನು ಮೂರು ಸಲ ಹಾಕುವ ಅವಕಾಶ. ಎರಡು ಸಲವಾದರೂ ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಬದುಕುತ್ತಾನೆ. ನಿನಗೆ ಬಿದ್ದದ್ದು ನಾಲ್ಕು, ಹದಿನೇಳು, ಒಂಬತ್ತು.

“ಅಮರಾ, ದಾಳ ಮೇಜಿನ ಅಂಚಿಗೆ ತಾಕ್ಯದ. ಇನ್ನೊಂದು ಸಲ ಹಾಕ್ತೀನಿ” ಎಂದೆ ನೀನು. ತಾಕಿದ್ದು ನಿಜ. ನಾನೂ ನೋಡಿದ್ದೆ. ಆದರೂ ನಾನು ಏನು ಹೇಳಿದೆ ಎಂದು ನೆನಪಿಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ದಾಳದ ಮುಂದೆ ದೊಡ್ಡವನಿಲ್ಲ, ಸಣ್ಣವನಿಲ್ಲ. ಒಬ್ಬರಿಗೆ ರಿಯಾಯಿತಿ ಕೊಟ್ಟರೆ ಅದು ದೊರೆಯ ನ್ಯಾಯವಾಗುತ್ತದೆ, ನಮ್ಮದಾಗುವುದಿಲ್ಲ. ಸತ್ತವರು ಎದ್ದು ಬರುವುದು ಹಳೆಯ ಪುರಾಣದಲ್ಲಿ. ನಾವು ಹೊಸ ಕಥೆ ಕಟ್ಟುತ್ತಿದ್ದೇವೆ. ಇಷ್ಟೂ ಮಾತನ್ನು ನಿನ್ನ ಮುಖ ನೋಡದೆ ಹೇಳಿದೆ. ಪೀರಮ್ಮ ಮೇಜಿನ ಕೆಳಗೆ ನನ್ನ ಕಾಲು ತುಳಿದು “ಏ ಲೀಡರ, ಬಾಯಿ ಮುಚ್ಚು” ಎಂದಳು. ಮುಚ್ಚಲಿಲ್ಲ. ನೀನು ಚೀಲ ಎತ್ತಿಕೊಂಡು ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಫೋನ್ ಕೈಯಲ್ಲಿ ಹಿಡಿದು ಕೂತು, ತಾಂಡೂರಿನ ಎರಡು ಬಸ್ಸು ಬಿಟ್ಟೆ ಎಂದು ಪೀರಮ್ಮ ಮರುದಿನ ಬೈಂಡಿಂಗ್ ಮಾಡುತ್ತಾ ಹೇಳಿದಳು.

ನೀನು ಯಾರಿಗೆ ಫೋನ್ ಮಾಡಲಾರದೆ ಕೂತಿದ್ದೆ ಎಂಬುದು ನನಗೆ ಗೊತ್ತಿರಬೇಕಿತ್ತು. ಗೊತ್ತಿತ್ತು. ಭರಮ ನಿನ್ನವನಲ್ಲ, ನಿನ್ನ ತಮ್ಮ ಸಂಗುವಿನವನು ಎಂಬುದು ನಮ್ಮೆಲ್ಲರಿಗೂ ಗೊತ್ತಿತ್ತು.

ಮೂರು ವರ್ಷದ ಹಿಂದೆ ಈ ಆಟದ ನಿಯಮದ ಪುಸ್ತಕವನ್ನು ನಾನು ಇಂಟರ್ನೆಟ್ಟಿನಿಂದ ಇಳಿಸಿ, ಪ್ರೆಸ್ಸಿನಲ್ಲಿ ಉಳಿದ ಕಾಗದದ ಮೇಲೆ ಪ್ರಿಂಟ್ ತೆಗೆದು, ನನಗೆ ತಿಳಿದಷ್ಟು ಕನ್ನಡಕ್ಕೆ ತಂದಾಗ ಮೊದಲು ಒಪ್ಪಿದವನು ಸಂಗು. ನಾರಾಯಣಖೇಡ್ ಮಾರ್ಕೆಟ್ಟಿನಿಂದ ತೊಗರಿ ಹೇರಿಕೊಂಡು ಟೆಂಪೋ ಹೊಡೆಯುತ್ತಿದ್ದವನು ಕಥೆಯಲ್ಲೂ ಬಂಡಿಗಳಿಗೆ ಕಾವಲು ಹೋಗುವವನೇ ಆಗುತ್ತೇನೆ ಎಂದ. ರಾಜನಾಗು, ಮಾಂತ್ರಿಕನಾಗು ಎಂದರೆ, “ಹಾದಿ ನನಗ ಗೊತ್ತದ, ಖರೆ ಅಲ್ಲಿ ಕೈಯಾಗ ಕತ್ತಿ ಇರ್ಲಿ” ಎಂದ. ಹೀಗೆ ಹುಟ್ಟಿದವನು ಭರಮ. ಅವನು ಯಾವ ಊರು ಹೊಕ್ಕರೂ ಶತ್ರು ಎಲ್ಲಿ ಎಂದು ಕೇಳುವ ಮೊದಲು ಇಲ್ಲಿ ಏನು ಪಲ್ಯ ಮಾಡುತ್ತಾರೆ ಎಂದು ಕೇಳುತ್ತಿದ್ದ.

ನಿಮ್ಮವ್ವನಿಗೆ ಆಟ ತಿಳಿಸಿದವನೂ ಅವನೇ. ನಾನು ಆ ದಿನ ನಿಮ್ಮ ಮನೆಯಲ್ಲಿದ್ದೆ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಕಥೆಯೊಳಗಿನ ಮಂದಿ, ಏನು ಮಾಡುತ್ತೀ ಎಂದು ಕೇಳಿದಾಗ ಹೇಳಬೇಕು, ಆಗುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ ಎಂದ.

“ರೊಕ್ಕ ಇಟ್ಟು ಆಡ್ತೀರೇನು?”

“ಇಲ್ಲವ್ವ.”

“ಮತ್ತ ಗೆಲ್ಲೋರ್ಯಾರು?”

“ಯಾರೂ ಗೆಲ್ಲಂಗಿಲ್ಲ.”

“ಹಂಗಾರ ಕೂಲಿ ಇಲ್ಲದ ದುಡಿತ. ನಿನಗ ಒಪ್ತದ” ಎಂದು ನಕ್ಕಿದ್ದರು ನಿಮ್ಮವ್ವ.

ಹೋದ ವರ್ಷ ಜನವರಿಯಲ್ಲಿ, ಹಿಂದೆ ದೀಪವಿಲ್ಲದ ಕಬ್ಬಿನ ಟ್ರಾಲಿಗೆ ಹೈವೇ ಮೇಲೆ ಅವನ ಬೈಕು ಬಡಿಯಿತು. ಅವನು ಹೋದ ಎರಡು ತಿಂಗಳ ಮೇಲೆ ನೀನು ಅವನ ದಾಳ ಮತ್ತು ಭರಮನ ಅಂಕಗಳನ್ನು ಬರೆದ ಹಾಳೆಯನ್ನು ನಮಗೆ ತಿರುಗಿ ಕೊಡಲು ಬಂದೆ. ಕೊಟ್ಟು ಹೊರಡುವವಳು ಬಾಗಿಲಲ್ಲಿ ನಿಂತು, ಇವನು ಈಗ ಕಥೆಯಲ್ಲಿ ಎಲ್ಲಿದ್ದಾನೆ ಎಂದು ಕೇಳಿದೆ. ಕೋಟೆಯ ಗೋಡೆಗೆ ಹಚ್ಚಿದ ಏಣಿಯ ಮೇಲೆ ಎಂದ ನಾಗೇಶ. ಸಂಗು ಅಲ್ಲಿಯೇ ಬಿಟ್ಟು ಹೋಗಿದ್ದ. “ಕೆಳಗರ ಇಳಿಸ್ತೀನಿ ತಡೀರಿ” ಎಂದು ನೀನು ಕುರ್ಚಿ ಎಳೆದುಕೊಂಡೆ. ಆಮೇಲೆ ಎದ್ದು ಹೋಗಲಿಲ್ಲ. ಪ್ರತಿ ಭಾನುವಾರ ತಾಂಡೂರಿನಿಂದ ಬಂದು, ಸಂಜೆ ಬಸ್ ಸ್ಟ್ಯಾಂಡಿನಿಂದ ಅವ್ವನಿಗೆ ಫೋನ್ ಹಚ್ಚಿ ಭರಮ ಇವತ್ತು ಏನು ಮಾಡಿದ ಎಂದು ಹೇಳುತ್ತಿದ್ದೆ. ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಏನು ಉಂಡ? ಅದಕ್ಕಾಗಿ ನಾನು ಪ್ರತಿ ವಾರದ ಕಥೆಯಲ್ಲಿ ಒಂದು ಊಟ ಬರೆದುಕೊಂಡು ಬರುತ್ತಿದ್ದೆ. ಇಷ್ಟು ತಿಳಿದವನು ಒಂಬತ್ತು ಬಿದ್ದಾಗ ಹತ್ತು ಎಂದು ಒಪ್ಪಿಕೊಳ್ಳಲಿಲ್ಲ.

ನಾನು ಕಾಲೇಜಿಗೆ ಹೋದವನಲ್ಲ. ನನ್ನ ಓದೆಲ್ಲ ಪ್ರೆಸ್ಸಿನಲ್ಲಿ ಮಿಕ್ಕುಳಿದ ಕರಪತ್ರ, ಹತ್ತು ರೂಪಾಯಿಯ ಕಿರುಹೊತ್ತಿಗೆ. ಅವುಗಳಲ್ಲಿ ಎಲ್ಲ ವಾಕ್ಯಗಳೂ ಖಚಿತವಾಗಿರುತ್ತವೆ. ಆದ್ದರಿಂದ ನಾನೂ ಖಚಿತವಾಗಿರಬೇಕು ಎಂದುಕೊಂಡಿದ್ದೆ. ಈಗಲೂ ಅವುಗಳಲ್ಲಿ ಬಹಳಷ್ಟನ್ನು ನಂಬುತ್ತೇನೆ. ಅದನ್ನು ಬಿಟ್ಟೆ ಎಂದು ಸುಳ್ಳು ಬರೆದು ನಿನ್ನನ್ನು ಕರೆಸಿಕೊಳ್ಳುವುದಿಲ್ಲ.

ನೀನು ಬರದ ಮೊದಲ ಭಾನುವಾರ ಪೀರಮ್ಮ ಮೇಜಿಗೆ ಬಂದು ಕೂತು, “ಲೀಡರ, ಇವತ್ತ ಕಥಿ ಬ್ಯಾಡ. ಅಂವನ್ನ ಹೆಂಗ ತರ್ತೀ ಹೇಳು” ಎಂದಳು. ಅವತ್ತಿನಿಂದ ನಾವು ಆಡಿಲ್ಲ. ಆರು ಭಾನುವಾರವೂ ಇದೇ ಕೆಲಸ. ನಾವು ಯೋಚಿಸಿದ ದಾರಿಗಳನ್ನು ಕೇಳು; ನಗು ಬಂದರೂ ಒಳ್ಳೆಯದೇ.

ನಾಗೇಶ ಕಾಗೆಯ ದಾರಿ ಹೇಳಿದ. ಅವರ ಮನೆಯಲ್ಲಿ ಹತ್ತನೆಯ ದಿನ ಪಿಂಡ ಇಟ್ಟು ಕಾಗೆಗೆ ಕಾಯುತ್ತಾರಲ್ಲ, ಹಾಗೆ ಕಥೆಯಲ್ಲಿ ಎಲ್ಲರೂ ಅನ್ನ ಇಟ್ಟು ಕಾಯುವುದು; ಕಾಗೆ ಅನ್ನ ಮುಟ್ಟದೆ ಹಾರುತ್ತದೆ; ಅದರ ಹಿಂದೆ ಏಳು ಊರು ದಾಟಿ ಹೋದರೆ ಒಂದು ತೊಟ್ಟಿಲು, ಅದರಲ್ಲಿ ಕೂಸು. ಕೂಸು ಅಳು ನಿಲ್ಲಿಸಿ ಪಲ್ಯ ಯಾವುದು ಎಂದು ಕೇಳುತ್ತದೆ. ಪೀರಮ್ಮ ಮೆಚ್ಚಿದಳು. ನಾನು ತಕರಾರು ತೆಗೆದೆ: ನಮ್ಮವರಲ್ಲಿ ಲಿಂಗದಲ್ಲಿ ಕೂಡಿದವನಿಗೆ ಮರುಹುಟ್ಟು ಇಲ್ಲ. ನಾಗೇಶ ಕನ್ನಡಕ ಒರೆಸಿಕೊಂಡು, “ಏನಪಾ, ನಿನಗ ದೇವರ ಮ್ಯಾಲ ನಂಬಿಗಿ ಇಲ್ಲ ಅಂತೀ, ಲಿಂಗದ ರೂಲ್ಸು ಮಾತ್ರ ಬಿಡಂಗಿಲ್ಲ” ಎಂದ.

ಪೀರಮ್ಮನ ದಾರಿ ಮೊಹರಮ್ಮಿನ ಪೀರಲ ಹಬ್ಬದ್ದು. ಪೀರ ಹೊತ್ತವನ ಮೈಮೇಲೆ ದೇವರು ಬರುತ್ತದಲ್ಲ, ಹಾಗೆ ಭರಮ ಅವಳ ಪಾತ್ರದ ಮೈಮೇಲೆ ಬರಲಿ. ಅವಳ ಪಾತ್ರ ಕಳ್ಳಿ. ಕಳ್ಳಿಯ ಕೈಕಾಲು, ಭರಮನ ಬಾಯಿ. ಒಂದೇ ದೇಹದಲ್ಲಿ ಒಬ್ಬಳು ಕದಿಯಲು ಹೋದರೆ ಇನ್ನೊಬ್ಬ ಬೇಡ ಎನ್ನುತ್ತಾನೆ. “ಪ್ರೇಮಲಾ ನನ್ನ ಬಾಜೂ ಕೂತು ನನಗ ಬೈಲಿ, ಅದೇ ಆಟ” ಎಂದಳು.

ನನ್ನದು ಸತ್ತವರ ಮುಷ್ಕರ. ಸಾವಿನ ದೊರೆಯ ನಾಡಿನಲ್ಲಿ ಸತ್ತವರೆಲ್ಲ ಕಲ್ಲು ಒಡೆಯುತ್ತಾರೆ. ಭರಮ ಹೋಗಿ ಅವರನ್ನು ಸಂಘಟಿಸುತ್ತಾನೆ. ಹನ್ನೊಂದು ಬೇಡಿಕೆಗಳ ಪಟ್ಟಿ ಬರೆದಿದ್ದೆ. ಮುಷ್ಕರ ಮುರಿಯಲು ದೊರೆ ಅವರ ಮುಂದಾಳುವನ್ನೇ ಮೇಲಕ್ಕೆ ಗಡಿಪಾರು ಮಾಡುತ್ತಾನೆ. ಪೀರಮ್ಮ ಇಡೀ ಪಟ್ಟಿ ಕೇಳಿ, “ಸತ್ತ ಮ್ಯಾಲೂ ಮೀಟಿಂಗ ತಪ್ಪಲಿಲ್ಲಲ್ಲೋ” ಎಂದಳು. ಇನ್ನೊಂದನ್ನು ನಾನು ನಿಜಕ್ಕೂ ಹೆಮ್ಮೆಯಿಂದ ಬರೆದೆ: ಸೇತುವೆ ದಾಟಿದ ಮಂದಿ ಊರೂರಿಗೆ ಹೋಗಿ ಭರಮ ಸತ್ತಿಲ್ಲ ಎನ್ನುತ್ತಾರೆ, ಪ್ರತಿ ಊರಿನಲ್ಲೂ ಒಬ್ಬ ತಾನೇ ಭರಮ ಎಂದು ಎದ್ದು ನಿಲ್ಲುತ್ತಾನೆ, ನಲವತ್ತು ಜನ ಭರಮರು. ಅವರಲ್ಲಿ ನಿನಗೆ ಬೇಕಾದವನನ್ನು ನೀನು ಆರಿಸಿಕೊಳ್ಳಬಹುದು.

ಮೂರನೆಯ ಭಾನುವಾರ ಇದೊಂದನ್ನು ಪರೀಕ್ಷೆಗೆಂದು ಹೇಳಿ ನೋಡಿದೆವು. ನಾಗೇಶ ಭರಮನ ಹಾಳೆ ಹಿಡಿದು ಮಾತಾಡಿದ. ಶಕ್ತಿಯ ಅಂಕ ಅದೇ, ಕತ್ತಿ ಅದೇ, ಎಡಗಣ್ಣಿನ ಮೇಲಿನ ಗಾಯ ಅದೇ. ನಾಲ್ಕು ಮಾತಿಗೆ ಪೀರಮ್ಮ ಕೈ ಅಡ್ಡ ಹಿಡಿದಳು. “ಬಿಡು ನಾಗೇಶಣ್ಣ. ನೀ ಚಲೋ ಮಂದಿ, ಖರೆ ಅಂವ ಅಲ್ಲ.” ನಾಗೇಶ ಹಾಳೆಯನ್ನು ನಿನ್ನ ಕುರ್ಚಿಯ ಮುಂದೆ ಇಟ್ಟ. ಆಮೇಲೆ ಯಾರೂ ಅದನ್ನು ಮುಟ್ಟಿಲ್ಲ. ಎಷ್ಟು ದಾರಿ ಹುಡುಕಿದರೂ ಎಲ್ಲವೂ ನೀನು ಬಂದು ಕೂತರೆ ಮಾತ್ರ ನಡೆಯುವಂಥವು. ನಿನ್ನನ್ನು ತರುವ ದಾರಿ ಆ ಪುಸ್ತಕದಲ್ಲೂ ಇಲ್ಲ, ನನ್ನ ಹೊತ್ತಿಗೆಗಳಲ್ಲೂ ಇಲ್ಲ.

ಅವ್ವನ ಹತ್ತಿರ ಹೋಗು ಎಂದವನು ನಾಗೇಶ. ನೀನು ಇಷ್ಟು ದಿನ ಅವರಿಗೆ ಏನು ಹೇಳುತ್ತಿದ್ದೀ ಎಂದು ನಮಗೆ ಗೊತ್ತಿರಲಿಲ್ಲ. ಮೊನ್ನೆ ಸೋಮವಾರ ರಜೆ ಹಾಕಿ ನಾರಾಯಣಖೇಡ್ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಬ್ಬಿನ ಟ್ರಾಲಿಗಳು. ಈ ವರ್ಷವೂ ಹಿಂದೆ ದೀಪವಿಲ್ಲ. ಹೋದ ವರ್ಷ ಎಲ್ಲರೂ ಅರ್ಜಿ ಕೊಟ್ಟೆವಲ್ಲ, ಕರಪತ್ರ ನಾನೇ ಅಚ್ಚು ಹಾಕಿದ್ದೆ, ಐನೂರು ಪ್ರತಿ.

ಅವ್ವ ಅಂಗಳದಲ್ಲಿ ಹಸಿ ತೊಗರಿಕಾಯಿ ಸುಲಿಯುತ್ತಿದ್ದರು. “ಬಾರಪಾ ಅಮರಾ, ಕೈ ತೊಳಕೊ, ಒಂದೀಟು ಸುಲಿ” ಎಂದರು. ಕೂತೆ. ಒಂದು ಬೊಗಸೆ ಸುಲಿಯುವಷ್ಟರಲ್ಲಿ ಅವರೇ ಮಾತು ತೆಗೆದರು.

“ನಿಮ್ಮ ಕಥಿಯಾಗಿನಂವಗ ಏನಾಗ್ಯದ?”

ಯಾಕೆ ಎಂದೆ.

“ಆರು ವಾರ ಆತು, ಪ್ರೇಮಲಾ ಪ್ರತಿ ಸಲಾ ಪುಂಡಿ ಪಲ್ಯ ಉಂಡ ಅಂತಾಳ. ನನ್ನ ಮಗ ಪುಂಡಿ ಪಲ್ಯ ನಾಲಿಗಿಗಿ ಹಚ್ಚಿದಂವ ಅಲ್ಲ. ಅದು ಆಕಿ ಉಣ್ಣೋದು. ಆಕಿ ರೂಮಿನಾಗ ಒಬ್ಬಾಕಿ ಕೂತು ಹೇಳ್ಲಿಕತ್ತಾಳ ಅಂತ ನನಗ ತಿಳಿಯಂಗಿಲ್ಲೇನು?”

ಅಕ್ಕ, ಆಗಲೇ ನನಗೆ ತಿಳಿದದ್ದು. ಆರು ಭಾನುವಾರ ನೀನು ತಾಂಡೂರಿನ ಕೋಣೆಯಲ್ಲಿ ಒಬ್ಬಳೇ ಕಥೆ ಕಟ್ಟಿ ಅವ್ವನಿಗೆ ಹೇಳುತ್ತಿದ್ದೀ. ನಾವು ಮೂವರು ಇಲ್ಲಿ ಕೂತು ಹುಡುಕುತ್ತಿದ್ದುದನ್ನು ನೀನು ಅಲ್ಲಿ ಮಾಡಿಯೇ ಬಿಟ್ಟಿದ್ದೆ. ಸುಳ್ಳು ಹೇಳಲು ನನಗೂ ಮನಸ್ಸಾಯಿತು. ಕಾಗೆ, ತೊಟ್ಟಿಲು, ನಲವತ್ತು ಭರಮರು, ಎಲ್ಲವೂ ಬಾಯಿಗೆ ಬಂದವು. ಅವರು ಸುಲಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ಸೇತುವೆಯಿಂದ ಹಿಡಿದು ಒಂಬತ್ತರವರೆಗೆ ಎಲ್ಲ ಹೇಳಿದೆ. ದಾಳ ಅಂಚಿಗೆ ತಾಕಿದ್ದನ್ನೂ, ನಾನು ಒಪ್ಪದ್ದನ್ನೂ ಹೇಳಿದೆ.

ಅವರು ಅಳಲಿಲ್ಲ. ಅವರಿಗೆ ಭ್ರಮೆ ಏನೂ ಇರಲಿಲ್ಲ ಎಂಬುದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಸಂಗು ಎಲ್ಲಿದ್ದಾನೆ ಎಂದು ಅವರಿಗೆ ಗೊತ್ತು. ಹಿತ್ತಲ ಬಾಗಿಲಿನಿಂದ ಹೊಲದಲ್ಲಿ ಅವನನ್ನು ಹೂಳಿದ ಜಾಗ ಕಾಣುತ್ತದೆ. ಒಂದು ಹಿಡಿ ಕಾಯಿ ಸುಲಿದು ಮುಗಿಸಿ ಒಂದೇ ಮಾತು ಕೇಳಿದರು.

“ಕುಂದ್ರಸಿದ್ರೇನು?”

ನನಗೆ ಅರ್ಥವಾಗಲಿಲ್ಲ. ನಾವು ಅವನನ್ನು ತಿರುಗಿ ತರಲು ನೋಡುತ್ತಿದ್ದೇವೆ, ಬಹಳ ದಾರಿಗಳಿವೆ ಎಂದು ಶುರು ಮಾಡಿದೆ. ಅವರು ತಲೆ ಅಲ್ಲಾಡಿಸಿದರು. “ತರೋದು ಬ್ಯಾಡ. ಎರಡು ಸಲ ಹ್ವಾದ. ಮೂರನೇದು ನನಗ ಕೇಳೋದು ಆಗಂಗಿಲ್ಲ. ಅಂವನ್ನ ಕಮರ್ಯಾಗಿಂದ ತಗದು ಕುಂದ್ರಸಿ ಮಣ್ಣು ಕೊಟ್ರೇನು, ಇಲ್ಲಾ ಹಂಗೇ ಬಿಟ್ರಿ?”

ಹಾಗೇ ಬಿಟ್ಟಿದ್ದೆವು. ಆರು ವಾರ, ಮೂರು ಜನ, ಅಷ್ಟೊಂದು ಬುದ್ಧಿವಂತಿಕೆ. ಕಮರಿಯ ತಳದಲ್ಲಿ ಒಬ್ಬ ಬಿದ್ದಿದ್ದಾನೆ ಎಂಬುದು ಒಬ್ಬರಿಗೂ ನೆನಪಾಗಿರಲಿಲ್ಲ.

ಆಮೇಲೆ ಅವರು ಹೇಳಿದ್ದನ್ನು ಬರೆಯಲು ಕಷ್ಟವಾಗುತ್ತದೆ. ನಿನಗೆ ಎಂದಾದರೂ ಹೇಳಿದ್ದಾರೋ ಇಲ್ಲವೋ. ಆ ದಿನ ಗಂಡಸರು ಸಂಗುವನ್ನು ಹೊತ್ತುಕೊಂಡು ಹೊಲಕ್ಕೆ ಹೋದ ಮೇಲೆ, ಮನೆಯಲ್ಲಿ ಕೂತವರಿಗೆ ಮತ್ತೆ ಗುದ್ದಲಿಯ ಸದ್ದು ಕೇಳಿಸಿತಂತೆ. ಕುಣಿ ಬೆಳಿಗ್ಗೆಯೇ ತೋಡಿ ಮುಗಿದಿತ್ತು, ಮತ್ತೆ ಯಾಕೆ ತೋಡುತ್ತಿದ್ದಾರೆ ಎಂದುಕೊಂಡರಂತೆ. ಮೂರನೆಯ ದಿನ ಹಾಲು ಹಾಕಲು ಹೋದಾಗ ನೋಡಿದರು. ಮಣ್ಣಿನ ದಿಬ್ಬ ಉದ್ದಕ್ಕಿತ್ತು. ನಿಮ್ಮ ಅಪ್ಪನದು, ಅಜ್ಜನದು, ಪಕ್ಕದಲ್ಲೇ ಇರುವ ಎಲ್ಲವೂ ಗಿಡ್ಡ. ಕೂತವರಿಗೆ ಎಷ್ಟು ಜಾಗ ಬೇಕೋ ಅಷ್ಟು. ಇವನದು ಮಾತ್ರ ಮಂಚದಷ್ಟು ಉದ್ದ. ಮಾಣಿಕಪ್ಪ ಕಾಕಾನನ್ನು ಹಿಡಿದು ಕೇಳಿದರಂತೆ. ದವಾಖಾನೆಯಿಂದ ಬರುವ ಹೊತ್ತಿಗೆ ಮೈ ಸೆಟೆದಿತ್ತು, ಮಲಗಿಸಿಯೇ ಮಾಡಿ ಎಂದು ಕ್ರಿಯೆ ಮಾಡಿಸುವ ಅಯ್ಯನವರು ಅಪ್ಪಣೆ ಕೊಟ್ಟರು ಎಂದರಂತೆ ಕಾಕಾ.

“ಬಿಸಿನೀರು ಹಾಕಿ ನೀವಿದ್ರ ಮೈ ಬಿಡ್ತದ. ಎರಡು ತಾಸಿನ ಮಾತು. ಅಷ್ಟೂ ಪುರಸೊತ್ತು ಇರ್ಲಿಲ್ಲ ಆ ಅಯ್ಯಗ. ಊರ ಮಂದೀನೆಲ್ಲ ಕುಂದ್ರಸ್ಯಾನ, ನನ್ನ ಮಗನ್ನ ಹೆಣಾ ಒಗದಂಗ ಒಗದ” ಎಂದರು ಅವ್ವ. ಅಂದಿನಿಂದ ಅಯ್ಯನವರು ಮನೆಗೆ ಬಂದರೆ ಬಾಗಿಲು ತೆರೆಯುವುದಿಲ್ಲ. ಭಿಕ್ಷೆಗೆ ಬಂದರೂ ಇಲ್ಲ, ಶ್ರಾವಣದ ಪೂಜೆಗೂ ಇಲ್ಲ. ನಾನು ಅಲ್ಲಿ ಕೂತಿದ್ದಾಗಲೇ ಆ ಮುದುಕ ಜೋಳಿಗೆ ಹಾಕಿಕೊಂಡು ಮುಂದಿನ ರಸ್ತೆಯಲ್ಲಿ ಹೋದರು. ನಿಮ್ಮ ಮನೆ ಬಂದಾಗ ಆಚೆ ದಂಡೆಗೆ ಸರಿದು, ತಲೆ ಎತ್ತದೆ ನಡೆದರು. ಅವ್ವ ಅವರನ್ನು ನೋಡಿದರು. ನಾನು ಬುಟ್ಟಿಯೊಳಗೆ ನೋಡಿದೆ.

ಈಗ ಅವ್ವ ಕೇಳಿದ್ದು ಏನು ಎಂದು ನಿನಗೆ ತಿಳಿದಿರಬೇಕು. ಹೊಲದಲ್ಲಿ ಇರುವವನನ್ನು ಎತ್ತಿ ಕೂಡ್ರಿಸಲು ಆಗುವುದಿಲ್ಲ. ಕಥೆಯಲ್ಲಿ ಇರುವವನನ್ನು ಕೂಡ್ರಿಸಬಹುದು. “ನೀ ಹೇಳು. ಹಗೂರ ಹೇಳು. ಒಂದೂ ಬಿಡಬ್ಯಾಡ. ನಾ ಬಂದು ಕೂತು ಕೇಳ್ತೀನಿ” ಎಂದರು.

ನನಗೆ ಕ್ರಮ ಗೊತ್ತಿಲ್ಲ ಎಂದೆ. ನಮ್ಮ ಮನೆಯವರಿಗೆ ಮಣ್ಣು ಕೊಡುವಾಗಲೂ ನಾನು ದೂರ ನಿಂತವನು. ಅವರೇ ಹೇಳಿದರು, ನಾನು ಬಸ್ ಟಿಕೆಟ್ಟಿನ ಹಿಂದೆ, ಅದು ಸಾಲದೆ ಅಂಗೈ ಮೇಲೆ ಬರೆದುಕೊಂಡೆ. ಮೊದಲು ಬಿಸಿನೀರು. ಹಸುಗೂಸಿಗೆ ಎರೆಯುವ ಹಾಗೆ, ಗಂಟು ಗಂಟು ನೀವುತ್ತಾ, ಅವಸರವಿಲ್ಲದೆ. ಬೆರಳಿನಿಂದ ಶುರು ಮಾಡಬೇಕು, ಬೆರಳು ಮೊದಲು ಬಿಡುತ್ತವೆ. ಆಮೇಲೆ ಮೊಣಕೈ. ಮೊಣಕಾಲು ಕೊನೆಗೆ. ಕಾಲು ಮಡಿಸಿ ಗೋಡೆಗೆ ಆನಿಸಿ ಕೂಡ್ರಿಸಿ, ಹಣೆಗೆ ವಿಭೂತಿ, ಎಡಗೈಯಲ್ಲಿ ಲಿಂಗ. ಕುಣಿಯೊಳಗೆ ಗೂಡು ತೆಗೆದು ಅದರಲ್ಲಿ ಇ‌ಟ್ಟು, ಪತ್ರಿ ಮತ್ತು ವಿಭೂತಿಯಿಂದ ಕುತ್ತಿಗೆವರೆಗೆ ತುಂಬಬೇಕು, ತಲೆ ವಾಲಬಾರದು. ಹೇಳುತ್ತಾ ಹೇಳುತ್ತಾ ಅವರ ಕೈ ತೊಗರಿಕಾಯಿಯ ಮೇಲೆ ನೀವುತ್ತಿತ್ತು.

“ನೀರು ಪ್ರೇಮಲಾ ಹಾಕ್ಲಿ. ಅವತ್ತ ಹೆಣ್ಮಕ್ಕಳಿಗಿ ಹತ್ರ ಬಿಡಲಿಲ್ಲ” ಎಂದರು.

ಅದಕ್ಕೇ ನೀನು ಬೇಕು. ಭರಮನನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲ.

ನಾನು ಮಾಡಿಟ್ಟ ಏರ್ಪಾಡು ಇಷ್ಟು. ಪೀರಮ್ಮನ ಕಳ್ಳಿ ಹಗ್ಗ ಬಿಟ್ಟು ಕಮರಿಗೆ ಇಳಿಯುತ್ತಾಳೆ. ನಾಗೇಶನ ಮಾಂತ್ರಿಕ ಯಾವಾಗಲೂ ಮಂತ್ರ ಮರೆಯುವವನು, ಈ ಸಲ ಬೆಂಕಿಯ ಮಂತ್ರವೊಂದನ್ನು ನೆನಪಿಟ್ಟು ನೀರು ಕಾಯಿಸುತ್ತಾನೆ. ಹಗ್ಗ ಹರಿಯುತ್ತದೋ ಇಲ್ಲವೋ, ಬೆಂಕಿ ಹೊತ್ತುತ್ತದೋ ಇಲ್ಲವೋ ಎಂದು ದಾಳ ಹಾಕಬೇಕಲ್ಲ ಎಂದ ನಾಗೇಶ, ಮೆತ್ತಗೆ, ನನ್ನನ್ನು ಪರೀಕ್ಷಿಸುವ ಹಾಗೆ. ದಾಳಗಳನ್ನೆಲ್ಲ ಪ್ರೆಸ್ಸಿನ ಅಚ್ಚುಮೊಳೆಯ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದ್ದೇನೆ. ಈ ಭಾನುವಾರ ಯಾವುದೂ ತಪ್ಪುವಂತಿಲ್ಲ. ಪೀರಮ್ಮ, “ಲೀಡರ ದೊರಿ ಆದ ನೋಡು” ಎಂದಳು. ಆಗಲಿ ಎಂದೆ.

ಆದರೆ ಅಕ್ಕ, ಹೇಳುವುದು ನನ್ನಿಂದ ಆಗುತ್ತಿಲ್ಲ. ನಿನ್ನೆ ಪ್ರೆಸ್ಸು ಮುಚ್ಚುವ ಮೊದಲು ಖಾಲಿ ಮೇಜಿನ ಮುಂದೆ ಅಭ್ಯಾಸ ಮಾಡಿದೆ. ಕಮರಿ ಬಂತು, ಬೆಂಕಿ ಬಂತು, ಹಂಡೆಯಲ್ಲಿ ನೀರು ಮರಳಿತು. ಬೆರಳುಗಳವರೆಗೆ ಬಂದೆ. ಮೊಣಕಾಲಿಗೆ ಬಂದಾಗ ಮಾತು ನಿಂತಿತು. ಮೂರು ವರ್ಷದಿಂದ ಈ ಮೇಜಿನಲ್ಲಿ ನನ್ನ ಬಾಯಿಗೆ ಮಾತು ಸಿಗದೆ ಹೋದದ್ದಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದೆ, ಮತ್ತೆ ಅಲ್ಲೇ ನಿಂತೆ. ನಾನು ನಿಂತಲ್ಲಿ ನೀನು ಹಿಡಿದು ಮುಂದೆ ಸಾಗಿಸಬೇಕು. ನನ್ನ ಜೊತೆ ಮಾತಾಡಬೇಕೆಂದಿಲ್ಲ. ನನ್ನ ಕಡೆ ನೋಡಬೇಕೆಂದೂ ಇಲ್ಲ.

ಅವ್ವ ಹತ್ತು ಗಂಟೆಯ ಬಸ್ಸಿಗೆ ಬರುತ್ತಾರೆ. ಕರೆತರಲು ನಾನು ಸ್ಟ್ಯಾಂಡಿಗೆ ಹೋಗುತ್ತೇನೆ. ನೀನು ಮೊದಲೇ ಬಂದರೆ ಪೀರಮ್ಮ ಬಾಗಿಲು ತೆಗೆದಿರುತ್ತಾಳೆ. ಬರುವುದಿಲ್ಲ ಎಂದಾದರೆ ಅದನ್ನಾದರೂ ನಾಗೇಶನಿಗೆ ಹೇಳು, ನಾನು ಅವ್ವನಿಗೆ ಏನಾದರೂ ಹೇಳಿ ಬಸ್ಸು ಹತ್ತದಂತೆ ತಡೆಯುತ್ತೇನೆ. ಏನು ಹೇಳುತ್ತೇನೆ ಎಂದು ನನಗೆ ಗೊತ್ತಿಲ್ಲ.

ನಿನ್ನ ತಮ್ಮನ ಸ್ಥಾನದಲ್ಲಿ ನಿಲ್ಲಲು ಯೋಗ್ಯನಲ್ಲದ,
ಅಮರನಾಥ

ಮರೆತು ಬಿಟ್ಟದ್ದಲ್ಲ, ಬರೆಯಲಾರದೆ ಬಿಟ್ಟದ್ದು: ಆ ದಿನ ಮಲಗಿಸಿ ಎಂದವರು ಅಯ್ಯನವರಲ್ಲ. ಅವರು ತಡೆಯಿರಿ ಎಂದರು. ಮಾಣಿಕಪ್ಪ ಕಾಕಾ ನೀರು ಕಾಯಿಸಲು ಮನೆಗೆ ಆಳು ಕಳಿಸುವುದರಲ್ಲಿದ್ದರು. ಕುಣಿಯ ದಂಡೆಯ ಮೇಲೆ ನಿಂತು, ಸತ್ತವನನ್ನು ಯಾಕೆ ಕಾಡುತ್ತೀರಿ, ಕೂತರೇನು ಮಲಗಿದರೇನು, ಇದೆಲ್ಲ ಮಠದವರು ಕಟ್ಟಿದ ಕಟ್ಟಳೆ ಎಂದು ಹೇಳಿದವನು ನಾನು. ಎಲ್ಲರೂ ಎರಡು ದಿನದಿಂದ ಉಂಡಿರಲಿಲ್ಲ, ಮಲಗಿರಲಿಲ್ಲ. ಯಾರಾದರೂ ಹಾಗೆ ಹೇಳಲಿ ಎಂದು ಕಾಯುತ್ತಿದ್ದರೋ ಏನೋ, ಒಬ್ಬರೂ ಎದುರಾಡಲಿಲ್ಲ. ಅಯ್ಯನವರು ಹಿಂದೆ ಸರಿದು ನಿಂತರು. ಕುಣಿಯನ್ನು ಉದ್ದ ಮಾಡಿದ ಗುದ್ದಲಿಗಳಲ್ಲಿ ಒಂದು ನನ್ನ ಕೈಯಲ್ಲಿತ್ತು. ಕಾಕಾ ಅವ್ವನ ಮುಂದೆ ಅಯ್ಯನವರ ಹೆಸರು ಹೇಳಿದ್ದು ನನ್ನನ್ನು ಉಳಿಸಲು. ಅಯ್ಯನವರು ಇಷ್ಟು ದಿನ ಅದನ್ನು ಹೊತ್ತುಕೊಂಡು ಸುಮ್ಮನೆ ಓಡಾಡುತ್ತಿದ್ದಾರೆ. ಆ ಮಾತು ಯಾವ ಹೊತ್ತಿಗೆಯಿಂದಲೂ ಬಂದದ್ದಲ್ಲ, ಅಕ್ಕ. ಅವನ ಮೊಣಕಾಲು ಮಡಿಸುವುದನ್ನು ನನ್ನಿಂದ ನೋಡಲು ಆಗುತ್ತಿರಲಿಲ್ಲ. ಅವ್ವನಿಗೆ ಇದನ್ನು ಇನ್ನೂ ಹೇಳಿಲ್ಲ.